ಅತ್ತೆಯ ವಸಡಿಗೆ ಮೀನೆಣ್ಣೆ ಮಾತ್ರೆ ಸಾಕಂತೆ, ಕ್ಲೀನಿಂಗ್ ಬೇಡವಂತೆ. ನಿಜವಾ?

ಸವಿತಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 61 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೊನ್ನೆ ಸ್ಟೇಷನ್ ಹೊರಗೆ ಉಪ್ಪು ಖಾರ ಹಚ್ಚಿದ ಪೇರಲೆಹಣ್ಣು ತಗೊಂಡೆವು. ಅತ್ತೆ ಒಂದು ಹೋಳು ಕಚ್ಚಿದರು. ಬಿಳಿ ತಿರುಳಿನ ಮೇಲೆ ಹಲ್ಲಿನ ಗುರುತು, ಪ್ರತಿ ಗುರುತಿನ ಅಂಚಿಗೂ ಸಣ್ಣ ಕೆಂಪು ಗೆರೆ. ನಾನು ಖಾರದ ಪುಡಿ ಅಂದುಕೊಂಡೆ. ನೋಡಿದರೆ ರಕ್ತ. "ಅದು ಯಾವಾಗಲೂ ಹಾಗೇ, ಎರಡು ವರ್ಷ ಆಯ್ತು" ಅಂತ ಬಾಯಿ ಒರೆಸಿಕೊಂಡು ಅವರು ಇನ್ನೊಂದು ಹೋಳಿಗೆ ಕೈ ಹಾಕಿದರು.

ಕೆಳಗಿನ ಮುಂದಿನ ಎರಡು ಹಲ್ಲು ಸ್ವಲ್ಪ ಅಲ್ಲಾಡುತ್ತವೆ. ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಟಾರ್ಚ್ ಹಾಕಿ ಎರಡು ನಿಮಿಷ ನೋಡಿದರು. ಇದು ಉರಿಯೂತ, ಒಮೆಗಾ-3 ಅಂದರೆ ಮೀನೆಣ್ಣೆಯ ಕೊಬ್ಬಿನ ಮಾತ್ರೆ ಮೂರು ತಿಂಗಳು ತಗೊಳ್ಳಲಿ, ಈ ವಯಸ್ಸಲ್ಲಿ ಕ್ಲೀನಿಂಗ್ ಮಾಡಿದರೆ ಹಲ್ಲು ಇನ್ನೂ ಸಡಿಲ ಆಗುತ್ತೆ ಅಂದರು. ಮಾತ್ರೆ ಡಬ್ಬಿಯೂ ಅಲ್ಲೇ ಸಿಕ್ಕಿತು, 1,450 ರೂಪಾಯಿ. ಕೊಟ್ಟು ಬಂದೆ.

ಮನೆಯವರು "ಕೊಬ್ಬಿಗೂ ವಸಡಿಗೂ ಏನೇ ಸಂಬಂಧ?" ಅಂತ ಕೇಳುತ್ತಿದ್ದಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಸೂರ್ಯಕಾಂತಿ ಎಣ್ಣೆಯೇ ಎಲ್ಲಾ ಉರಿಯೂತಕ್ಕೂ ಕಾರಣ ಅಂತ ಒಂದು ಫಾರ್ವರ್ಡ್ ಬಂತು. ತಿಳಿದವರು ಹೇಳಿ.

ಜಯಣ್ಣ, ಕುರ್ಲಾ

ಮಾತ್ರೆ ಯಾಕೆ ಮಾರಾಯ್ರೆ? ವಾರಕ್ಕೆ ಎರಡು ಸಲ ಬೂತಾಯಿ ಮೀನಿನ ಪುಳಿಮುಂಚಿ ಮಾಡಿ ಕೊಡಿ. ನಮ್ಮಜ್ಜ 84ಕ್ಕೆ ಹೋದರು, ಹೋಗುವಾಗ ಹಲ್ಲೆಲ್ಲ ಇತ್ತು.

ವೀಣಾ, ಕೋಥ್ರೂಡ್

ಜಯಣ್ಣ, ನಮ್ಮಜ್ಜಿ ಧಾರವಾಡದಾಕಿ, ಮೀನಿನ ವಾಸನೆ ಬಂದರೆ ಓಣಿ ಬದಲಿಸುತ್ತಿದ್ದಳು. ಆಕೆಗೂ ಎಂಬತ್ತರ ತನಕ ಕಬ್ಬು ಸಿಗಿಯೋ ಹಲ್ಲಿದ್ದವು. ಅಜ್ಜ ಅಜ್ಜಿ ಲೆಕ್ಕ ಬಿಟ್ಟು ಮಾತಾಡೋಣ.

ವಸಡಿನ ಡಾಕ್ಟರ್, ಠಾಣೆ

ಸವಿತಾ ಅವರೇ, ಮೊದಲು ಒಂದು ಪ್ರಶ್ನೆ. ಅಲ್ಲಿ ವಸಡನ್ನು ಅಳೆದರಾ? ಪ್ರೋಬ್ ಅಂತ ಒಂದು ತೆಳ್ಳನೆ ಕಡ್ಡಿ ಇರುತ್ತೆ, ಅದರ ಮೇಲೆ ಮಿಲಿಮೀಟರ್ ಗೆರೆಗಳು. ಅದನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಮೆಲ್ಲಗೆ ಇಳಿಸಬೇಕು. ಒಂದೊಂದು ಹಲ್ಲಿಗೆ ಆರು ಕಡೆ. 1ರಿಂದ 3 ಮಿಲಿಮೀಟರ್ ಇಳಿದರೆ ಸರಿ. 4 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಪಾಕೆಟ್. ವಸಡು ಹಲ್ಲನ್ನು ಬಿಟ್ಟುಕೊಡುತ್ತಿದೆ ಅಂತ ಅರ್ಥ. ಟಾರ್ಚ್ ಹಾಕಿದರೆ ಇದು ಕಾಣುವುದಿಲ್ಲ. ಅಳತೆ ಇಲ್ಲ, ಎಕ್ಸ್‌ರೇ ಇಲ್ಲ, ಮಾತ್ರೆ ಮಾತ್ರ ಕೊಟ್ಟರು ಅಂದರೆ ನನಗೆ ಬೇಸರ ಆಗುತ್ತೆ. ಬೇರೇನೂ ಹೇಳಲ್ಲ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲ ಆಗುತ್ತೆ ಅನ್ನೋ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳ್ತೇನೆ. ಆಗೋದು ಇಷ್ಟೇ. ಬೇರಿನ ಸುತ್ತ ಮೂಳೆ ಕರಗಿ ಹಲ್ಲು ಆಗಲೇ ಸಡಿಲ ಆಗಿರುತ್ತೆ. ಕಲ್ಲಿನಂತೆ ಕಟ್ಟಿದ ಟಾರ್ಟರ್ ಅದನ್ನು ಪಕ್ಕದ ಹಲ್ಲಿಗೆ ಸಿಮೆಂಟ್ ಹಾಕಿದ ಹಾಗೆ ಹಿಡಿದುಕೊಂಡಿರುತ್ತೆ. ಟಾರ್ಟರ್ ತೆಗೆದ ಮೇಲೆ ಅಲ್ಲಾಡೋದು ಗೊತ್ತಾಗುತ್ತೆ. ಕೆಲವು ವಾರದಲ್ಲಿ ಬಾವು ಇಳಿದು ವಸಡು ಗಟ್ಟಿಯಾದರೆ ಎಷ್ಟೋ ಹಲ್ಲುಗಳು ಮೊದಲಿಗಿಂತ ಭದ್ರ ಕೂರುತ್ತವೆ.

ಒಮೆಗಾ-3 ಸುಳ್ಳಲ್ಲ. ಅದನ್ನು ಕ್ಲೀನಿಂಗ್ ಬದಲಿಗೆ ಕೊಟ್ಟದ್ದು ತಪ್ಪು. ಕೊಬ್ಬಿನ ಸಂಬಂಧ ಏನು ಅಂತ ಪ್ರಕಾಶ್ ನನಗಿಂತ ಚೆನ್ನಾಗಿ ಹೇಳ್ತಾರೆ. ಪ್ರಕಾಶ್, ಇದ್ದೀರಾ?

ಪ್ರಕಾಶ, ಪಾಷಾಣ್

ಇದ್ದೇನೆ ಡಾಕ್ಟ್ರೇ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ನಮ್ಮ ಪ್ರತಿ ಜೀವಕೋಶದ ಗೋಡೆ, ಅಂದರೆ ಹೊರಗಿನ ಪೊರೆ, ಮುಖ್ಯವಾಗಿ ಕೊಬ್ಬಿನಿಂದ ಆಗಿದೆ. ಆ ಗೋಡೆಯಲ್ಲಿ ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಕೂತಿರುತ್ತೆ. 20 ಇಂಗಾಲದ ಸರಪಳಿ, ಒಮೆಗಾ-6 ಗುಂಪಿನದು. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾ ಪದರ ಕಟ್ಟಿದಾಗ ಕೋಶ ಈ ಆಮ್ಲವನ್ನು ಗೋಡೆಯಿಂದ ಕತ್ತರಿಸಿ ಬಿಡುತ್ತೆ. ಒಂದು ಕಿಣ್ವ ಅದನ್ನು ಪ್ರೊಸ್ಟಾಗ್ಲಾಂಡಿನ್ ಮಾಡುತ್ತೆ, ಇನ್ನೊಂದು ಲ್ಯೂಕೋಟ್ರೈನ್ ಮಾಡುತ್ತೆ. ಲ್ಯೂಕೋಟ್ರೈನ್ ಬಿಳಿ ರಕ್ತಕಣಗಳನ್ನು ಕೂಗಿ ಕರೆಯುತ್ತೆ. ಪ್ರೊಸ್ಟಾಗ್ಲಾಂಡಿನ್‌ಗಳಲ್ಲಿ ಇ2 ಅನ್ನೋದು ರಕ್ತನಾಳ ಹಿಗ್ಗಿಸುತ್ತೆ, ಕೆಂಪಗೆ ಊದಿಸುತ್ತೆ. ಅದಕ್ಕಿಂತ ಮುಖ್ಯ, ಮೂಳೆ ಕರಗಿಸೋ ಕೋಶಗಳನ್ನು ಎಬ್ಬಿಸುತ್ತೆ. ಅತ್ತೆಯ ಹಲ್ಲು ಅಲ್ಲಾಡೋದು ಇಲ್ಲಿಂದ. ಬ್ಯಾಕ್ಟೀರಿಯಾ ಮೂಳೆಯನ್ನು ನೇರವಾಗಿ ತಿನ್ನೋದು ಕಡಿಮೆ. ಜಾಸ್ತಿ ಕೆಲಸ ನಮ್ಮ ದೇಹದ್ದೇ.

(ಹೆಸರಿನ ಕತೆ: ಇದು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತೆ ಅಂತ 1930ರ ದಶಕದಲ್ಲಿ ತಿಳಿದು ಪ್ರೊಸ್ಟಾಗ್ಲಾಂಡಿನ್ ಅಂದರು. ಆಮೇಲೆ ನೋಡಿದರೆ ಮೈಯೆಲ್ಲಾ ಇದೆ. ಹೆಸರು ಉಳಿಯಿತು. ಆಸ್ಪಿರಿನ್ ಇದನ್ನೇ ತಡೆಯುತ್ತೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರಮ್, ಸ್ಯಾಮ್ಯುಯೆಲ್ಸನ್ ಇಬ್ಬರಿಗೂ ನೊಬೆಲ್ ಬಂತು.)

ಈಗ ಒಮೆಗಾ-3. ಪುಣೆಯವರಿಗೆ ಗಣಪತಿ ವಿಸರ್ಜನೆ ಗೊತ್ತು. ಮೊದಲು ಬಂದೋಬಸ್ತಿಗೆ ಪೊಲೀಸರು ಬರ್ತಾರೆ. ಮೆರವಣಿಗೆ ಮರುದಿನ ಮಧ್ಯಾಹ್ನದ ತನಕ ಎಳೆಯುತ್ತೆ. ಕೊನೆಗೆ ವೈರ್‌ಲೆಸ್‌ನಲ್ಲಿ ಆರ್ಡರ್ ಬರಬೇಕು: ಸಾಕು, ಹೊರಡಿ. ಆಮೇಲೆ ಪಾಲಿಕೆಯ ಕಸದ ಗಾಡಿ ಬರಬೇಕು. ಆ ಆರ್ಡರ್ ಬರದಿದ್ದರೆ ಪೊಲೀಸರು ಲಕ್ಷ್ಮಿ ರೋಡಿನಲ್ಲೇ ಬ್ಯಾರಿಕೇಡ್ ಹಾಕಿಕೊಂಡು ಕೂತಿರುತ್ತಾರೆ, ಅಂಗಡಿ ತೆರೆಯೋ ಹಾಗಿಲ್ಲ.

ಉರಿಯೂತ ತಂತಾನೇ ಆರುತ್ತೆ ಅಂತ ಬಹಳ ಕಾಲ ನಂಬಿದ್ದರು. ಹಾಗಲ್ಲ, ಅದನ್ನು ಮುಗಿಸೋಕೂ ಆರ್ಡರ್ ಬೇಕು ಅಂತ ಹಾರ್ವರ್ಡ್‌ನ ಚಾರ್ಲ್ಸ್ ಸೆರ್ಹಾನ್ ತಂಡ ತೋರಿಸಿತು. ಅವರು ಇಟ್ಟ ಹೆಸರು ರಿಸಾಲ್ವಿನ್. ದೇಹ ಇದನ್ನು ಮೀನಿನಲ್ಲಿರೋ ಇಪಿಎ, ಡಿಎಚ್‌ಎ ಅನ್ನೋ ಎರಡು ಒಮೆಗಾ-3 ಆಮ್ಲಗಳಿಂದ ಮಾಡಿಕೊಳ್ಳುತ್ತೆ. ರಿಸಾಲ್ವಿನ್ ಬಂದಾಗ ಹೊಸ ಬಿಳಿ ಕಣಗಳು ಬರೋದು ನಿಲ್ಲುತ್ತೆ, ಸತ್ತ ಕಣಗಳನ್ನು ನುಂಗೋ ದೊಡ್ಡ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಬೋಸ್ಟನ್ನಿನಲ್ಲಿ ಮೊಲಗಳ ಹಲ್ಲಿಗೆ ರೇಷ್ಮೆ ದಾರ ಕಟ್ಟಿ, ವಸಡಿನ ಬ್ಯಾಕ್ಟೀರಿಯಾ ಹಚ್ಚಿ ಕಾಯಿಲೆ ಬರಿಸಿದರು. ಆಮೇಲೆ ರಿಸಾಲ್ವಿನ್ ಇ1 ಹನಿ ಹಾಕಿದರು. ಹೋಗಿದ್ದ ಮೂಳೆ ಮತ್ತೆ ಬೆಳೆಯಿತು. 2007ರ ಹೊತ್ತಿಗೆ ಇದು ಪ್ರಕಟವಾಯಿತು. ನಾನಾಗ ಓದೋ ಹುಡುಗ, ಆ ಎಕ್ಸ್‌ರೇ ನೋಡಿ ಕುರ್ಚಿಯಿಂದ ಎದ್ದಿದ್ದೆ.

ಆದರೆ ಡಬ್ಬಿಯ ಮಾತ್ರೆ ರಿಸಾಲ್ವಿನ್ ಅಲ್ಲ. ಅದು ಬರೀ ಕಚ್ಚಾ ಮಾಲು. ಅದೂ ಅಲ್ಲದೆ ಹಲ್ಲಿನ ಬುಡದಲ್ಲಿ ಟಾರ್ಟರ್ ಇರೋ ತನಕ ಮೆರವಣಿಗೆ ಮುಗಿದಿಲ್ಲ. ಮೆರವಣಿಗೆ ನಡೆಯುತ್ತಿರುವಾಗ ಹೊರಡಿ ಅಂದರೆ ಯಾರು ಹೊರಡ್ತಾರೆ?

ಜಯಣ್ಣ, ಕುರ್ಲಾ

ಅಂದರೆ ನನ್ನ ಬೂತಾಯಿ ಸರಿ ಅಂತಾಯಿತಲ್ಲ.

ಪ್ರಕಾಶ, ಪಾಷಾಣ್

ಅರ್ಧ ಸರಿ. ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಜನರ ಊಟ ಮತ್ತು ವಸಡು ಎರಡನ್ನೂ ಹೋಲಿಸಿ 2010ರಲ್ಲಿ ಒಂದು ಅಧ್ಯಯನ ಬಂತು. ಡಿಎಚ್‌ಎ ಜಾಸ್ತಿ ತಿನ್ನೋರಲ್ಲಿ ವಸಡಿನ ಕಾಯಿಲೆ ಕಡಿಮೆ ಇತ್ತು. ಆದರೆ ಮೀನು ತಿನ್ನೋರು ಹಲ್ಲನ್ನೂ ಚೆನ್ನಾಗಿ ಉಜ್ಜುತ್ತಿದ್ದಿರಬಹುದು, ಬೀಡಿ ಕಡಿಮೆ ಸೇದುತ್ತಿದ್ದಿರಬಹುದು. ಇಂಥ ಲೆಕ್ಕದಲ್ಲಿ ಆ ಅನುಮಾನ ಪೂರ್ತಿ ಹೋಗೋದಿಲ್ಲ. ಬೂತಾಯಿ, ಬಂಗುಡೆ ಎರಡೂ ಎಣ್ಣೆ ಮೀನು, ಒಮೆಗಾ-3 ಚೆನ್ನಾಗಿದೆ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದನ್ನು ಔಷಧ ಅಂತ ಲೆಕ್ಕ ಹಾಕಬೇಡಿ.

ವೀಣಾ, ಕೋಥ್ರೂಡ್

ಮೀನು ತಿನ್ನದವರು ಎಲ್ಲಿ ಹೋಗಬೇಕು ಪ್ರಕಾಶ್? ನಮ್ಮ ಮನೆಯಲ್ಲಿ ದಿನಾ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಇರುತ್ತೆ. ಎರಡರಲ್ಲೂ ಒಮೆಗಾ-3 ಅಂತ ಅಂದುಕೊಂಡಿದ್ದೆ. ಇನ್ನೊಂದು, ನಮ್ಮೂರಿಂದ ಕುಸುಬಿ ಎಣ್ಣೆ ತರಿಸುತ್ತೇವೆ, ಇಲ್ಲಿಯವರು ಕರಡಿ ತೇಲ ಅಂತಾರಲ್ಲ, ಅದು. ಸವಿತಾ ಹೇಳಿದ ಫಾರ್ವರ್ಡ್ ನನಗೂ ಬಂದಿದೆ. ಚೆಲ್ಲಬೇಕಾ?

ಪ್ರಕಾಶ, ಪಾಷಾಣ್

ಚೆಲ್ಲಬೇಡಿ, ಪಾಪ.

ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3ಯೇ. ಆದರೆ ಅದು ಗಿಡದ ಒಮೆಗಾ-3, ಸರಪಳಿ ಚಿಕ್ಕದು. ದೇಹ ಅದನ್ನು ಉದ್ದ ಮಾಡಿ ಇಪಿಎ ಮಾಡಿಕೊಳ್ಳಬೇಕು. ಮಾಡುತ್ತೆ, ಆದರೆ ತೀರಾ ಸ್ವಲ್ಪ. ಡಿಎಚ್‌ಎ ಅಂತೂ ಇನ್ನೂ ಕಡಿಮೆ. ಅದೇ 2010ರ ಲೆಕ್ಕದಲ್ಲಿ ಗಿಡದ ಒಮೆಗಾ-3ಗೆ ಸ್ಪಷ್ಟ ನಂಟು ಕಾಣಲಿಲ್ಲ. ಅಗಸಿ ಚಟ್ನಿ ತಿನ್ನಿ, ಹುರಿದು ಪುಡಿ ಮಾಡಿಯೇ ತಿನ್ನಿ, ಇಡೀ ಕಾಳು ಹಾಗೇ ಹೊರಗೆ ಹೋಗುತ್ತೆ. ಗುರೆಳ್ಳು ರುಚಿ, ಆದರೆ ಅದರಲ್ಲಿರೋದು ಹೆಚ್ಚಾಗಿ ಒಮೆಗಾ-6. ಮೀನಿಗೂ ಡಿಎಚ್‌ಎ ಬರೋದು ಪಾಚಿಯಿಂದಲೇ. ಆ ಪಾಚಿಯಿಂದ ನೇರ ತೆಗೆದ ಎಣ್ಣೆ ಸಿಗುತ್ತೆ. ಸಸ್ಯಾಹಾರಿಗಳಿಗೆ ಅದೊಂದು ದಾರಿ.

ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗ ಲಿನೋಲಿಕ್ ಆಮ್ಲ, ಅದು ಒಮೆಗಾ-6. ಲಿನೋಲಿಕ್‌ನಿಂದಲೇ ಅರಾಕಿಡೋನಿಕ್, ಅದರಿಂದ ಪ್ರೊಸ್ಟಾಗ್ಲಾಂಡಿನ್, ಆದ್ದರಿಂದ ಎಣ್ಣೆ ತಿಂದರೆ ಉರಿಯೂತ ಅಂತ ಫಾರ್ವರ್ಡ್ ಬರೆದವರ ಲೆಕ್ಕ. ಕಾಗದದ ಮೇಲೆ ಸರಿ. ಆದರೆ ದೇಹ ಈ ದಾರಿಗೆ ಗೇಟು ಹಾಕಿದೆ. ಲಿನೋಲಿಕ್ ಎಷ್ಟು ತಿಂದರೂ ರಕ್ತದಲ್ಲಿ ಅರಾಕಿಡೋನಿಕ್ ಅಷ್ಟಾಗಿ ಏರೋದಿಲ್ಲ. ಎಣ್ಣೆ ಕಡಿಮೆ ಬಳಸಿ ಅಂದರೆ ಒಪ್ಪುತ್ತೇನೆ. ವಸಡಿನ ರಕ್ತಕ್ಕೆ ಎಣ್ಣೆ ಡಬ್ಬಿಯೇ ಕಾರಣ ಅಂದರೆ ಒಪ್ಪಲ್ಲ.

ಇನ್ನೊಂದು ಕೊಬ್ಬಿನಾಮ್ಲದ ಬಗ್ಗೆ ಯಾರೂ ಕೇಳಲಿಲ್ಲ, ನನಗೆ ಅದೇ ಇಷ್ಟ. ಪಾಕೆಟ್ ಒಳಗೆ ಗಾಳಿ ಇರೋದಿಲ್ಲ. ಅಲ್ಲಿ ಪೊರ್ಫಿರೋಮೊನಸ್ ಜಿಂಜಿವಾಲಿಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದು ಪ್ರೋಟೀನ್ ತಿಂದು ಬ್ಯುಟಿರಿಕ್ ಆಮ್ಲ ಬಿಡುತ್ತೆ. ಬರೀ 4 ಇಂಗಾಲದ ಚಿಕ್ಕ ಕೊಬ್ಬಿನಾಮ್ಲ. ಹಳಸಿದ ಬೆಣ್ಣೆಯ ಡಬ್ಬಿ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುತ್ತಲ್ಲ, ಅದೇ ವಾಸನೆ. ತಮಾಷೆ ಅಂದರೆ ಕರುಳಿನಲ್ಲಿ ಇದೇ ಆಮ್ಲ ಒಳ್ಳೆಯದು, ದೊಡ್ಡ ಕರುಳಿನ ಕೋಶಗಳಿಗೆ ಅದೇ ಊಟ. ವಸಡಿನಲ್ಲಿ ಕೋಶಗಳು ಬೆಳೆಯೋದನ್ನು ತಡೆಯುತ್ತೆ, ಸಾಯಿಸುತ್ತೆ. ಕಾಯಿಲೆ ಜಾಸ್ತಿ ಇರೋ ಕಡೆ ಇದರ ಪ್ರಮಾಣವೂ ಜಾಸ್ತಿ, ಚಿಕಿತ್ಸೆ ಆದ ಮೇಲೆ ಇಳಿಯುತ್ತೆ. ಮೀನೆಣ್ಣೆ ಇದನ್ನು ತೊಳೆಯೋದಿಲ್ಲ.

ಜಯಣ್ಣ, ಕುರ್ಲಾ

ಇದು ಓದಿ ನಾನು ಬೆಳಿಗ್ಗೆ ಎರಡು ಸಲ ಹಲ್ಲುಜ್ಜಿದೆ. ತೆಂಗಿನೆಣ್ಣೆ ಬಾಯಿ ಮುಕ್ಕಳಿಸೋದು ಹೇಗೆ? ನನ್ನ ಹೆಂಡತಿ ದಿನಾ ಹತ್ತು ನಿಮಿಷ ಮಾಡುತ್ತಾಳೆ. ಆ ಹತ್ತು ನಿಮಿಷ ಮನೆ ತುಂಬಾ ಶಾಂತ.

ವಸಡಿನ ಡಾಕ್ಟರ್, ಠಾಣೆ

ಹಾಗಾದರೆ ನಿಲ್ಲಿಸಬೇಡಿ!

ಆಯುರ್ವೇದದಲ್ಲಿ ಗಂಡೂಷ ಅಂತ ಇದೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ, ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಇದೆ. ಸಣ್ಣ ಪ್ರಯೋಗಗಳಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಪದರ ಸ್ವಲ್ಪ ಕಡಿಮೆ ಆಗಿದೆ. ಆದರೆ ಎಣ್ಣೆ 6 ಮಿಲಿಮೀಟರ್ ಪಾಕೆಟ್ ಒಳಗೆ ಇಳಿಯೋದಿಲ್ಲ, ಗಟ್ಟಿಯಾದ ಟಾರ್ಟರ್ ಕರಗಿಸೋದೂ ಇಲ್ಲ. ಬ್ರಷ್ ಮತ್ತು ಸಂದಿ ಬ್ರಷ್ ಮಾಡಿದ ಮೇಲೆ ಎಷ್ಟು ಬೇಕಾದರೂ ಮುಕ್ಕಳಿಸಲಿ. ಬೇಸಿನ್ನಿಗೆ ಉಗಿಯಬೇಡಿ, ಚಳಿಗಾಲದಲ್ಲಿ ಪೈಪು ಕಟ್ಟುತ್ತೆ. ಅನುಭವದ ಮಾತು.

ಸವಿತಾ, ಡೊಂಬಿವಲಿ

ಇಷ್ಟೊಂದು ಬರೆದಿದ್ದೀರಿ, ಎಲ್ಲಾ ಅತ್ತೆಗೆ ಓದಿ ಹೇಳಿದೆ. ಹಳಸಿದ ಬೆಣ್ಣೆ ಮಾತಿಗೆ ಅವರ ಮುಖ ಬದಲಾಯಿತು.

ಮಾತ್ರೆ ತಂದಾಗಿದೆ. ಕೊಡಲಾ ಬೇಡವಾ? ಮುಂದೆ ದೊಡ್ಡದಾಗಿ 1,000 ಮಿಲಿಗ್ರಾಂ ಅಂತಿದೆ. ಮನೆಯವರು ಜೊತೆಗೆ ಆಸ್ಪಿರಿನ್ ಕೊಟ್ಟರೆ ಇನ್ನೂ ಒಳ್ಳೇದಂತೆ ಅಂತ ಎಲ್ಲೋ ಓದಿದ್ದಾರೆ.

ಪ್ರಕಾಶ, ಪಾಷಾಣ್

ಡಬ್ಬಿ ತಿರುಗಿಸಿ. ಹಿಂದೆ ಸಣ್ಣ ಅಕ್ಷರದಲ್ಲಿ ಇಪಿಎ ಎಷ್ಟು, ಡಿಎಚ್‌ಎ ಎಷ್ಟು ಅಂತ ಇರುತ್ತೆ. 1,000 ಅನ್ನೋದು ಮೀನೆಣ್ಣೆಯ ತೂಕ. ಸಾಮಾನ್ಯ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120 ಇರುತ್ತೆ. ಒಟ್ಟು 300. ಉಳಿದ 700 ಬೇರೆ ಕೊಬ್ಬು.

ಮನೆಯವರು ಓದಿದ್ದು ಬಹುಶಃ 2010ರ ಇನ್ನೊಂದು ಪ್ರಯೋಗ. 80 ಜನ. ಎಲ್ಲರಿಗೂ ಡೀಪ್ ಕ್ಲೀನಿಂಗ್, ಅಂದರೆ ವಸಡಿನ ಒಳಗಿನ ಟಾರ್ಟರನ್ನೂ ತೆಗೆಯೋ ಕ್ಲೀನಿಂಗ್, ಮಾಡಿದರು. ಎಲ್ಲರಿಗೂ, ಇದನ್ನು ಗಮನಿಸಿ. ಆಮೇಲೆ ಅರ್ಧ ಜನಕ್ಕೆ ದಿನಾ 900 ಮಿಲಿಗ್ರಾಂ ಒಮೆಗಾ-3, ಜೊತೆಗೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಆರು ತಿಂಗಳಿಗೆ ಅವರ ಪಾಕೆಟ್ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ಸವಿತಾ ಹೋದ ಕ್ಲಿನಿಕ್ಕಿನವರು ಈ ಪ್ರಯೋಗದ ಎರಡನೇ ಅರ್ಧ ಮಾತ್ರ ಓದಿದ ಹಾಗಿದೆ.

ವಸಡಿನ ಡಾಕ್ಟರ್, ಠಾಣೆ

ಆಸ್ಪಿರಿನ್ ಮಾತ್ರ ನೀವೇ ಶುರು ಮಾಡಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಅದೂ ಮಳೆಗಾಲದ ಮುಂಬೈ, ಮನೆ ಮನೆಯಲ್ಲಿ ಡೆಂಗ್ಯೂ. ಡೆಂಗ್ಯೂ ಇರುವಾಗ ಆಸ್ಪಿರಿನ್ ತಗೊಂಡರೆ ಅಪಾಯ. ಅತ್ತೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳುತ್ತಿದ್ದರೆ ಮೀನೆಣ್ಣೆಯನ್ನೂ ಅವರ ಡಾಕ್ಟರಿಗೆ ಕೇಳಿಯೇ ಕೊಡಿ.

ನೋವಿನ ಮಾತ್ರೆ ಕೊಟ್ಟು ಪ್ರೊಸ್ಟಾಗ್ಲಾಂಡಿನ್ ತಡೆದರೆ ಆಗಲ್ವಾ ಅಂತ 1980ರ ದಶಕದಲ್ಲೇ ನೋಡಿದ್ದಾರೆ. ಬೀಗಲ್ ನಾಯಿಗಳಿಗೆ ಫ್ಲರ್ಬಿಪ್ರೊಫೆನ್ ಕೊಟ್ಟರು, ಮೂಳೆ ಕರಗೋದು ನಿಧಾನ ಆಯಿತು. ಆದರೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೇಳಬೇಕಲ್ಲ.

ಸಕ್ಕರೆ ಬಗ್ಗೆ ಒಂದು ಮಾತು. ಸಕ್ಕರೆ ಜಾಸ್ತಿ ಇದ್ದರೆ ವಸಡು ಕೆಡುತ್ತೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರಲ್ಲ. ವಸಡಿನ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸೋ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತೆ. ಮನೆಯವರಿಗೆ ಇದನ್ನು ಹೇಳಿ, ದುಡ್ಡು ಬಿಚ್ಚುತ್ತಾರೆ. ದುಡ್ಡಿನ ಚಿಂತೆ ಇದ್ದರೆ ಸಿಎಸ್‌ಎಂಟಿ ಲೋಕಲ್ ರೈಲು ಹಿಡಿಯಿರಿ. ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಡೆಂಟಲ್ ಕಾಲೇಜಿದೆ, ವಸಡಿಗೇ ಬೇರೆ ವಿಭಾಗ. ಬೆಳಿಗ್ಗೆ ಬೇಗ ಹೋಗಿ.

ಬಸು, ವಾಸ್ಕೋ

ನಾನು ಸುಮ್ನೆ ಓದುತ್ತಿದ್ದೆ. ನಮ್ಮವ್ವ ಗದಗಿನಿಂದ ಇಲ್ಲಿಗೆ ಬಂದು ಮೂವತ್ತು ವರ್ಷ ಆಯಿತು, ಬೈನಾದಲ್ಲಿ ಇದ್ದೇವೆ. ಬೆಳಿಗ್ಗೆ ಎದ್ದ ಕೂಡಲೇ ಮಿಶ್ರಿ ತಿಕ್ಕದಿದ್ದರೆ ಅವ್ವನ ದಿನ ಶುರುವಾಗಲ್ಲ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ತಾನೇ ಪುಡಿ ಮಾಡುತ್ತಾಳೆ. ಆ ಹೊತ್ತಿಗೆ ಪಕ್ಕದ ಮನೆಯವರೂ ಕೆಮ್ಮುತ್ತಾರೆ. ಹಲ್ಲು ಉದ್ದ ಉದ್ದ ಕಾಣುತ್ತವೆ, ವಸಡು ಮೇಲೆ ಸರಿದಿದೆ. ಆದರೆ ಒಂದು ಹನಿ ರಕ್ತ ಬರಲ್ಲ. "ನೋಡು, ಮಿಶ್ರಿಯಿಂದ ವಸಡು ಗಟ್ಟಿ" ಅಂತಾಳೆ. ಅವ್ವನಿಗೆ ಉರಿಯೂತ ಇಲ್ಲ ಅಂತ ತಿಳಿಯಬಹುದಾ?

ವಸಡಿನ ಡಾಕ್ಟರ್, ಠಾಣೆ

ಬಸು, ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ನಿಮ್ಮ ಮಾತು. ಸವಿತಾ ಅವರ ಅತ್ತೆಗೆ ರಕ್ತ ಬಂದದ್ದೇ ಒಳ್ಳೆಯದಾಯಿತು, ಗೊತ್ತಾಯಿತು. ತಂಬಾಕಿನ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ಹಾಗಾಗಿ ರಕ್ತ ಬರಲ್ಲ, ಕೆಂಪಾಗಲ್ಲ. ಒಳಗೆ ಮೂಳೆ ಕರಗೋದು ನಡೆದೇ ಇರುತ್ತೆ. ಹಲ್ಲು ಉದ್ದ ಕಾಣುತ್ತೆ ಅಂದಿರಲ್ಲ, ಹಲ್ಲು ಬೆಳೆದಿಲ್ಲ, ಅದರ ಸುತ್ತಲಿನದ್ದು ಇಳಿದಿದೆ. ಬಾಂಬೋಳಿಯ ಗೋವಾ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗಿ. ಪಾಕೆಟ್ ಜೊತೆಗೆ ಕೆನ್ನೆಯ ಒಳಭಾಗವನ್ನೂ ನೋಡಿಸಿ. ಬಿಳಿ ಮಚ್ಚೆ ಇದ್ದರೆ ತಡ ಮಾಡಬೇಡಿ.

ವೀಣಾ, ಕೋಥ್ರೂಡ್

ನಮ್ಮ ಮನೆ ಕೆಲಸಕ್ಕೆ ಬರೋ ಮೌಶಿಯದೂ ಇದೇ ಕತೆ. ಸೊಂಟದಲ್ಲಿ ಸಣ್ಣ ಡಬ್ಬಿ. ನಾಳೆಯೇ ಮಾತಾಡುತ್ತೇನೆ.

ಸವಿತಾ, ಡೊಂಬಿವಲಿ (ಎರಡೂವರೆ ತಿಂಗಳ ನಂತರ)

ಕಾಲೇಜಿಗೆ ಹೋಗಿದ್ದೆವು. ಒಬ್ಬ ಹುಡುಗಿ ಪ್ರೋಬ್ ಇಳಿಸುತ್ತಾ ನಂಬರ್ ಕೂಗುತ್ತಿದ್ದಳು, ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು. ಮೂರು ಎರಡು ಮೂರು, ಮೂರು ನಾಲ್ಕು ಆರು. ಆರು ಅಂದಾಗೆಲ್ಲ ಅತ್ತೆ ನನ್ನ ಕೈ ಹಿಡಿಯುತ್ತಿದ್ದರು. ನಾಲ್ಕು ಸಲ ಕರೆಸಿ ಒಂದೊಂದು ಭಾಗ ಮರಗಟ್ಟಿಸಿ ಕ್ಲೀನ್ ಮಾಡಿದರು. ಮೊದಲ ವಾರ ಹಲ್ಲು ಅಲ್ಲಾಡೋದು ಜಾಸ್ತಿ ಅನ್ನಿಸಿತು, ಡಾಕ್ಟರ್ ಇಲ್ಲಿ ಹೇಳಿದ್ದರಿಂದ ಹೆದರಲಿಲ್ಲ.

ನಿನ್ನೆ ಮತ್ತೆ ಅಳೆದರು. ಆರು ಇದ್ದ ಕಡೆ ಹೆಚ್ಚಿನವು ನಾಲ್ಕು. ಒಂದು ಇನ್ನೂ ಆರೇ, ಅದಕ್ಕೆ ಸಣ್ಣ ಆಪರೇಷನ್ ಬೇಕಾಗಬಹುದಂತೆ. ಮೂಳೆ ಹೋದದ್ದು ಹೋಯಿತು, ಇರೋದನ್ನು ಉಳಿಸೋಣ ಅಂದರು. ಮಾತ್ರೆ ಕೇಳಿದೆ. ಇದೆಯಲ್ಲ, ಮುಗಿಸಿ, ಹೊಸದು ಕೊಳ್ಳಲೇಬೇಕು ಅಂತಿಲ್ಲ ಅಂದರು. ಅತ್ತೆಗೆ ಆ ಮಾತ್ರೆ ತಿಂದರೆ ಮೀನಿನ ತೇಗು, ಬೂತಾಯಿಯೇ ವಾಸಿ ಅಂತಾರೆ. ಜಯಣ್ಣ, ಸಂತೋಷವಾ?

ಜಯಣ್ಣ, ಕುರ್ಲಾ

ಪರಮ ಸಂತೋಷ. ಈ ಭಾನುವಾರ ನಾನೂ ಅಳೆಸಿಕೊಳ್ಳುತ್ತೇನೆ, ಹೆಂಡತಿ ಅಪಾಯಿಂಟ್‌ಮೆಂಟ್ ತಗೊಂಡಾಗಿದೆ.

ಬಸು, ವಾಸ್ಕೋ

ಅವ್ವನನ್ನು ಬಾಂಬೋಳಿಗೆ ಕರೆದುಕೊಂಡು ಹೋದೆ. ಮಚ್ಚೆ ಏನಿಲ್ಲ, ದೇವರು ದೊಡ್ಡವನು. ಪಾಕೆಟ್ ಏಳು, ಎಂಟು ಅಂತ ಬಂದವು, ಎರಡು ಹಲ್ಲು ತೆಗೆದರು. ಮಿಶ್ರಿ ಬಿಟ್ಟಿದ್ದೇನೆ ಅಂತ ಅವ್ವ ಹೇಳಿದಳು. ಮೊನ್ನೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಪೊಟ್ಟಣ ಸಿಕ್ಕಿತು. ಅದನ್ನು ಚೆಲ್ಲಿದ ಮೇಲೆ ಐದು ದಿನ ನನ್ನ ಜೊತೆ ಮಾತಿಲ್ಲ.

ವಸಡಿನ ಡಾಕ್ಟರ್, ಠಾಣೆ

ಮಾತಾಡುತ್ತಾರೆ ಬಿಡಿ. ಒಂದು ವಿಷಯ ಮೊದಲೇ ಹೇಳಿಡಿ. ತಂಬಾಕು ಬಿಟ್ಟ ಕೆಲವು ವಾರದಲ್ಲಿ ವಸಡಿನ ರಕ್ತನಾಳ ಮತ್ತೆ ತೆರೆಯುತ್ತೆ, ಬ್ರಷ್ ಮಾಡುವಾಗ ರಕ್ತ ಕಾಣಿಸಬಹುದು. ಆಗ ಅವ್ವ "ನೋಡು, ಮಿಶ್ರಿ ಇದ್ದಾಗ ಚೆನ್ನಾಗಿತ್ತು" ಅಂತಾರೆ. ಹಿಟ್ಟಿನ ಡಬ್ಬಿ ಇನ್ನೊಂದು ಸಲ ನೋಡಿ.